ಎರಡೇ ಬಣ್ಣದಲ್ಲಿ ಅಘನಾಶಿನಿ ಅಳಿವೆಯ ಮಕ್ಕಳ ಪುಸ್ತಕ: ಯಾವ ಬಣ್ಣ, ಯಾವ ಪೆನ್ನು, ಎಲ್ಲಿಂದ ಶುರು ಮಾಡಲಿ?

ಗಜನಿಗೆರೆ, ಕುಮಟಾ

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಇಷ್ಟು ದಿನ ಮಾಡಿದ್ದೆಲ್ಲ ಜಲವರ್ಣ. ಈಗ ಸಿಕ್ಕಿರುವುದು ಅಘನಾಶಿನಿ ಅಳಿವೆಯ ಮೇಲೆ 32 ಪುಟದ ಪುಸ್ತಕ. ನೀರಿಳಿದಾಗ ಬಳಚು (ಕೆಸರಿನ ಚಿಪ್ಪುಜೀವಿ) ಹೆಕ್ಕುವ ಹೆಂಗಸರು, ಉಪ್ಪುನೀರು ಬಂದು ಹೋಗುವ ಗಜನಿ ಗದ್ದೆ, ಉಪ್ಪುನೀರಲ್ಲೂ ಬೆಳೆಯುವ ಕಗ್ಗ ಭತ್ತ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು, ಸಾಣಿಕಟ್ಟಾದ ಉಪ್ಪಿನಾಗರ, ಮಿರ್ಜಾನ್ ಕೋಟೆ, ಎಲ್ಲವೂ ಅದರಲ್ಲಿ ಇದೆ. ಶಿರಸಿಯಲ್ಲಿ ಹುಟ್ಟಿ, ಎಲ್ಲೂ ಅಣೆಕಟ್ಟಿಗೆ ಸಿಗದೆ ಕಡಲು ಸೇರುವ ನದಿ ಇದು. 2024ರಲ್ಲಿ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂದಾಗ ಇಲ್ಲಿನ ಮಕ್ಕಳಿಗೆ ಇದನ್ನು ತೋರಿಸುವ ಒಂದು ಪುಸ್ತಕ ಬರಬೇಕು ಅಂತ ಅನಿಸಿತ್ತು. ಅದೇ ಈಗ ಕೈಗೆ ಬಂದಿದೆ.

ಒಂದು ಷರತ್ತು ಇದೆ. ಪುಸ್ತಕದ ಬೆಲೆ ಕಡಿಮೆ ಇರಬೇಕು, ಹಾಗಾಗಿ ಎರಡೇ ಬಣ್ಣ. ಒಂದು ಕಪ್ಪು, ಇನ್ನೊಂದನ್ನು ನಾನು ಆರಿಸಬಹುದು. ಎಲ್ಲರೂ ನೀಲಿ ಅನ್ನುತ್ತಿದ್ದಾರೆ, ನದಿ ಅಲ್ವಾ ಅಂತ. ನನಗೆ ನೀಲಿ ಒಪ್ಪಿಗೆ ಆಗುತ್ತಿಲ್ಲ. ಅಳಿವೆಯ ನೀರು ನಾನು ನೋಡಿದ ಯಾವ ಹೊತ್ತಿನಲ್ಲೂ ಪುಸ್ತಕದ ನೀಲಿಯಲ್ಲಿ ಇರಲಿಲ್ಲ. ಮಳೆಗಾಲದಲ್ಲಂತೂ ಕೆಂಪು.

ಕೇಳಬೇಕಾದ್ದು ಇಷ್ಟು. ಕಡಿಮೆ ಬಣ್ಣದಲ್ಲಿ ಕೆಲಸ ಮಾಡುವವರು ಏನನ್ನು ನೋಡಿ ಕಲಿತಿರಿ? ನಿಮ್ಮ ಕೈಗೆ ಒಗ್ಗಿದ ಪೆನ್ನು, ಬ್ರಷ್ಷು, ಕಾಗದ ಯಾವುದು? ಊರಿನದೇ ಮಣ್ಣು, ಕಾಯಿ, ಎಲೆಯಿಂದ ಬಣ್ಣ ಮಾಡಿ ನೋಡಿದವರು ಇದ್ದೀರಾ? ಮತ್ತೆ ಮಳೆಗಾಲದಲ್ಲಿ ಕಾಗದ ಹೇಗೆ ಕಾಪಾಡುತ್ತೀರಿ? ನನ್ನ ಹತ್ತಿರ ಇರುವ ಒಳ್ಳೆಯ ಹತ್ತಿ ಕಾಗದದಲ್ಲಿ ಬಣ್ಣ ಅಲ್ಲಲ್ಲಿ ಒಳಗೆ ಇಳಿದು ಕಲೆ ಕಲೆ ಆಗುತ್ತಿದೆ.

ಸೊಪ್ಪಿನಬೆಟ್ಟ, ಶಿರಸಿ

ಅಕ್ಕ, ನೀಲಿ ಬೇಡ. ಕೆಮ್ಮಣ್ಣು ತಗೊಳ್ಳಿ. ನಿಮ್ಮ ಪುಸ್ತಕದಲ್ಲಿ ಇರುವ ಅರ್ಧ ವಸ್ತು ಆಗಲೇ ಆ ಬಣ್ಣದಲ್ಲಿ ಇದೆ. ಮಿರ್ಜಾನ್ ಕೋಟೆ ಕೆಂಪು ಕಲ್ಲಿನದು. ಹಂಚಿನ ಮಾಡು, ಏಡಿ, ಮಳೆನೀರು, ಗದ್ದೆಯ ಬದು, ಎಲ್ಲ ಅದರಲ್ಲೇ ಬರುತ್ತದೆ.

ಕಡಿಮೆ ಬಣ್ಣ ಕಲಿಯಲು ನಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗ ಇಲ್ಲ ಅಂತ ನಾನು ನಂಬಿದ್ದೇನೆ. ಮೊದಲು ಕಾವಿ ಕಲೆ ನೋಡಿ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳು ಹೆಸರುವಾಸಿ, ಕರಾವಳಿಯ ಕೆಲವು ಹಳೆ ದೇವಸ್ಥಾನಗಳಲ್ಲೂ ಸಿಗುತ್ತದೆ. ಬಿಳಿ ಸುಣ್ಣದ ಗಾರೆ ಬಳಿದು, ಅದರ ಮೇಲೆ ಕೆಂಪು ಮಣ್ಣಿನ ಪದರ ಕೊಟ್ಟು, ಹಸಿ ಇರುವಾಗಲೇ ಮೊನಚಾದ ಉಕ್ಕಿನ ಕಡ್ಡಿಯಿಂದ ಕೆರೆದು ತೆಗೆಯುತ್ತಾರೆ. ಕೆರೆದಲ್ಲಿ ಕೆಳಗಿನ ಬಿಳಿ ಕಾಣುತ್ತದೆ. ವೃತ್ತಗಳನ್ನು ಕೈವಾರದಿಂದ ಕೊರೆಯುತ್ತಾರೆ. ಅಂದರೆ ಅಲ್ಲಿ ಗೆರೆ ಹಾಕುವುದು ಅನ್ನುವುದೇ ಇಲ್ಲ, ಗೆರೆಯನ್ನು ಬಿಡಿಸಿ ತೆಗೆಯುವುದು. ಚಿತ್ರಕಾರರು ಒಮ್ಮೆ ಹಾಗೆ ಯೋಚನೆ ಮಾಡಲು ಶುರು ಮಾಡಿದರೆ ಎರಡು ಬಣ್ಣ ಕಡಿಮೆ ಅನಿಸುವುದಿಲ್ಲ.

ಆಮೇಲೆ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿ. ಕುಂಚ ಪುಂಡಿ ನಾರಿನದು. ಭೂಮಿ ಹುಣ್ಣಿಮೆ ಹೊತ್ತಿಗೆ ಸಿದ್ದಾಪುರ, ಸಾಗರದ ಕಡೆ ಹೋದರೆ ಭೂಮಣ್ಣಿ ಬುಟ್ಟಿ ನೋಡಲು ಸಿಗುತ್ತದೆ. ಬಿದಿರು ಬುಟ್ಟಿಗೆ ಸೆಗಣಿ, ಕೆಮ್ಮಣ್ಣು ಬಳಿದು ಮೇಲೆ ಬಿಳಿ ಗೆರೆಯ ಚಿತ್ತಾರ. ದಯವಿಟ್ಟು ಆ ಚಿತ್ತಾರವನ್ನೇ ಎತ್ತಿ ಪುಸ್ತಕದ ಅಂಚಿಗೆ ಹಾಕಬೇಡಿ. ಅದು ಆ ಹೆಂಗಸರ ಕೆಲಸ, ಅದಕ್ಕೆ ಅದರದೇ ಮದುವೆ, ಹಬ್ಬ ಇದೆ. ಕಲಿಯಬೇಕಾದ್ದು ಬೇರೆ: ಒಂದೇ ದಪ್ಪದ ಗೆರೆಯನ್ನು ಹತ್ತಿರ ಹತ್ತಿರ ಎಳೆದು ಬೂದು ಬಣ್ಣ ಬರಿಸುವುದು, ದೂರ ಬಿಟ್ಟು ಬೆಳಕು ಬರಿಸುವುದು.

ಇನ್ನು ನನ್ನ ಪ್ರಯೋಗ. ಮಣ್ಣನ್ನು ನೀರಲ್ಲಿ ಕದಡಿ ಒಂದು ನಿಮಿಷ ಬಿಡಿ. ಮರಳು ತಳಕ್ಕೆ ಹೋಗುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ರಾತ್ರಿ ಇಡೀ ಬಿಟ್ಟರೆ ನುಣ್ಣನೆ ಮಣ್ಣು ತಳದಲ್ಲಿ ಕೂರುತ್ತದೆ. ಅದನ್ನು ಒಣಗಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಗೋಂದಿನ ನೀರಲ್ಲಿ ಅರೆಯಿರಿ. ಒಂದು ಪಾಲು ಗೋಂದಿಗೆ ಎರಡು ಪಾಲು ನೀರು, ಎರಡು ಹನಿ ಜೇನು, ಬೂಷ್ಟು ಬರದ ಹಾಗೆ ಒಂದು ಲವಂಗ. ಅಷ್ಟೇ ಜಲವರ್ಣ. ಕಾವಿಯ ತರಹ ಕೆರೆಯಬೇಕು ಅಂದರೆ ದಪ್ಪ ಮೌಂಟ್ ಬೋರ್ಡ್ ಮೇಲೆ ಚಾಕ್ ಪುಡಿ ಮತ್ತು ತೆಳು ಅಂಟು ಕಲಸಿ ಎರಡು ಮೂರು ಕೋಟ್ ಕೊಡಿ, ಒಣಗಿದ ಮೇಲೆ ಪಾಲಿಶ್ ಪೇಪರ್ ಹಾಕಿ ನುಣುಪು ಮಾಡಿ, ಮೇಲೆ ಕೆಮ್ಮಣ್ಣು ಬಳಿದು ಕೈವಾರದ ಮೊನೆಯಿಂದ ಕೆರೆಯಿರಿ. ಕಾಂಡ್ಲಾ ಬೇರಿಗೆ ಇದು ಹೇಳಿ ಮಾಡಿಸಿದ ಹಾಗೆ ಬರುತ್ತದೆ.

ಕಪ್ಪಿಗೆ ಚೊಗರು. ಕೆಂಪಡಿಕೆ ಬೇಯಿಸಿದಾಗ ಉಳಿಯುವ ಚೊಗರು ಬರೀ ಹಚ್ಚಿದರೆ ಕಂದು. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರಲ್ಲಿ ನೆನೆಸಿ ಆ ನೀರನ್ನು ಚೊಗರಿಗೆ ಹನಿ ಹನಿ ಹಾಕಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಒಗರಿನ ಅಂಶ ಮತ್ತು ಕಬ್ಬಿಣ ಸೇರಿದರೆ ಹಾಗೆ. ಬಿದಿರು ಕಡ್ಡಿ ಕೆತ್ತಿ ಅದರಲ್ಲಿ ಅದ್ದಿ ಬರೆದರೆ ಗೆರೆಯ ಒಳಗೇ ಕಪ್ಪು, ಬೂದು, ಕಂದು ಮೂರೂ ಸಿಗುತ್ತವೆ.

ಬೈತಖೋಲ್ ಪೆನ್ಸಿಲ್, ಕಾರವಾರ

ಸೊಪ್ಪಿನಬೆಟ್ಟ ಅವರು ಹೇಳಿದ್ದು ಓದಲು ಖುಷಿ ಆಯಿತು. ಆದರೆ ಒಂದು ಮಾತು. ಪ್ರೆಸ್ಸಿಗೆ ಹೋಗುವುದು ನಿಮ್ಮ ಕೆಮ್ಮಣ್ಣಿನ ಬಣ್ಣ ಅಲ್ಲ. ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚಿನ ಪ್ಲೇಟ್. ಆ ಪ್ಲೇಟಿಗೆ ಬಣ್ಣವೇ ಗೊತ್ತಿಲ್ಲ, ಎಲ್ಲಿ ಗಾಢ ಎಲ್ಲಿ ತೆಳು ಅಂತ ಮಾತ್ರ ಗೊತ್ತು. ಕೆಂಪು ಬರುವುದು ಮಷಿನ್ನಿಗೆ ಹಾಕುವ ಇಂಕಿನಿಂದ. ಹಾಗಾಗಿ ಕೆಂಪು ಪದರವನ್ನೂ ನೀವು ಕಪ್ಪಿನಲ್ಲೇ ಬರೆಯಬಹುದು.

ನಾನು ಮಾಡುವುದು ಹೀಗೆ. ಒಂದು ಹಾಳೆಯಲ್ಲಿ ಕಪ್ಪು ಗೆರೆ. ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಎರಡನೇ ಬಣ್ಣ ಬರುವ ಜಾಗವನ್ನು ಮತ್ತೆ ಕಪ್ಪು ಇಂಕಿನಲ್ಲಿ ತುಂಬುವುದು. ಎರಡೂ ಹಾಳೆಗೆ ನಾಲ್ಕು ಮೂಲೆಯಲ್ಲಿ ಒಂದೇ ಕಡೆ ಕೂಡು (+) ಗುರುತು. ಸ್ಕ್ಯಾನ್ ಮಾಡಿ ಕ್ರಿಟಾ ಅನ್ನುವ ಚಿತ್ರದ ಸಾಫ್ಟ್‌ವೇರಿನಲ್ಲಿ ಎರಡು ಲೇಯರ್ ಮಾಡಿ, ಕೆಂಪನ್ನು ಮಲ್ಟಿಪ್ಲೈ (ಕೆಳಗಿನ ಕಪ್ಪೂ ಕಾಣುವ ಹಾಗೆ) ಇಟ್ಟರೆ ಪುಸ್ತಕ ಹೇಗೆ ಕಾಣುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಕ್ರಿಟಾಕ್ಕೆ ದುಡ್ಡು ಕೊಡಬೇಕಾಗಿಲ್ಲ, ಹಳೆ ಲ್ಯಾಪ್‌ಟಾಪಲ್ಲೂ ಓಡುತ್ತದೆ. ಬರೀ ಗೆರೆ ಆದರೆ 1200 ಡಿಪಿಐ, ವಾಶ್ (ನೀರು ಬೆರೆಸಿ ಬಳಿದ ತೆಳು ಬಣ್ಣ) ಇದ್ದರೆ 300ರಿಂದ 600 ಸಾಕು.

ಎರಡು ಬಣ್ಣ ಅಂದರೆ ನಿಜಕ್ಕೆ ಎರಡೇ ಅಲ್ಲ. ಕೆಂಪನ್ನು ಶೇಕಡಾ 20 ಹಾಕಿದರೆ ಸಿಗಡಿ ಬಣ್ಣ, 100 ಹಾಕಿದರೆ ಹಂಚು, 100ರ ಮೇಲೆ ಕಪ್ಪು 30 ಬಂದರೆ ಹಸಿ ಕೆಸರು. ಕಾಗದದ ಬಿಳಿಯೂ ಸೇರಿತು. ಶುರುವಿಗೇ ಇಂತಹ ಚೌಕಗಳ ಒಂದು ಪಟ್ಟಿ ಮಾಡಿ ಎದುರಿಗೆ ಅಂಟಿಸಿಕೊಳ್ಳಿ.

ಪೆನ್ನು: ಸ್ಥಳದಲ್ಲಿ ಬರೆಯಲು ಪಿಗ್ಮಾ ಮೈಕ್ರಾನ್ 05, ಇಂಕು ನೀರಿಗೆ ಹರಡುವುದಿಲ್ಲ. ದೊಡ್ಡ ಕಪ್ಪಿಗೆ ಬ್ರಷ್ ಪೆನ್. ಮನೆಯಲ್ಲಿ ಅದ್ದಿ ಬರೆಯುವ ಜಿ ನಿಬ್. ಒತ್ತಿದರೆ ದಪ್ಪ, ಬಿಟ್ಟರೆ ಕೂದಲು. ಬಲೆ, ಹಗ್ಗ, ದೋಣಿಯ ಕಟ್ಟು ಬರೆಯಲು ನನಗೆ ಅದನ್ನು ಬಿಟ್ಟು ಬೇರೆ ಸೇರುವುದಿಲ್ಲ.

ಪ್ರಯೋಗ ಕೇಳಿದಿರಿ. ಬಂದರಿನಲ್ಲಿ ಬೊಂಡಾಸ್ (ಸ್ಕ್ವಿಡ್) ಸ್ವಚ್ಛ ಮಾಡುವಾಗ ಬಿಸಾಡುವ ಇಂಕಿನ ಚೀಲ ಕೇಳಿ ತಂದು, ಒಣಗಿಸಿ, ಪುಡಿ ಮಾಡಿ, ಗೋಂದಿನಲ್ಲಿ ಕಲಸಿ ವಾಶ್ ಮಾಡುತ್ತೇನೆ. ಹಳೆ ಯುರೋಪಿನ ಚಿತ್ರಗಾರರು ಸೆಪಿಯಾ ಅಂತ ಬಳಸಿದ್ದು ಇದರ ನಂಟಿನದೇ ಆದ ಕಟಲ್‌ಫಿಶ್ಶಿನ ಇಂಕು. ಬೆಚ್ಚನೆ ಕಂದು, ತುಂಬಾ ಚಂದ. ಬೇಸಿಗೆಯಲ್ಲಿ ಮಾತ್ರ ಮಾಡಿ, ಮಳೆಗಾಲದಲ್ಲಿ ಒಣಗುವ ಮೊದಲೇ ನಾರುತ್ತದೆ.

ಗಜನಿಗೆರೆ, ಕುಮಟಾ

ಅಯ್ಯೋ ಎಷ್ಟೊಂದು ವಿಷಯ, ಇಬ್ಬರಿಗೂ ಥ್ಯಾಂಕ್ಸ್. ಕೆಮ್ಮಣ್ಣು ಅಂತ ಓದಿದ ಕೂಡಲೇ ಮನಸ್ಸು ಒಪ್ಪಿತು. ಆದರೂ ಒಂದು ಅನುಮಾನ. ಪುಸ್ತಕದ ಮುಕ್ಕಾಲು ಪುಟದಲ್ಲಿ ನೀರಿದೆ. ಕೆಂಪು, ಕಪ್ಪಲ್ಲಿ ನೀರು ತೋರಿಸುವುದು ಹೇಗೆ? ಮಕ್ಕಳಿಗೆ ಗದ್ದೆ ಯಾವುದು, ಹೊಳೆ ಯಾವುದು ಅಂತ ಗೊತ್ತಾಗಬೇಕಲ್ವಾ? ಮತ್ತೆ, ಪ್ಲೇಟಿಗೆ ಬಣ್ಣವೇ ಗೊತ್ತಿಲ್ಲ ಅಂದಮೇಲೆ ನಿಜವಾದ ಕೆಮ್ಮಣ್ಣಲ್ಲಿ ಬರೆದು ಏನು ಉಪಯೋಗ?

ಚೌಕಿಮನೆ, ಹೊನ್ನಾವರ

ನೀರಿಗೆ ಕಾಗದ ಬಿಡಿ. ಬಿಳಿ. ದಡ, ಬೇರು, ದೋಣಿ, ಬಳಚು ತುಂಬಿದ ಬುಟ್ಟಿ ಇವನ್ನೆಲ್ಲ ಗಟ್ಟಿಯಾಗಿ ಬರೆದರೆ ನಡುವೆ ಉಳಿದದ್ದು ತಾನಾಗಿ ನೀರಾಗುತ್ತದೆ. ಹಗಲು ಹನ್ನೆರಡಕ್ಕೆ ತದಡಿಯ ಕಡೆಯಿಂದ ಅಳಿವೆ ನೋಡಿ, ನೀರು ಬರೀ ಬೆಳಕು. ಮಳೆಗಾಲದ ಪುಟದಲ್ಲಿ ಮಾತ್ರ ನೀರಿಗೆ ಕೆಂಪು ಕೊಡಿ. ಆಗ ಪುಟ ತಿರುಗಿಸಿದ ಮಗುವಿಗೆ ಮಳೆ ಬಂತು ಅಂತ ಬರೆದು ಹೇಳಬೇಕಾಗಿಲ್ಲ.

ನಾನು ಕಲಿತದ್ದು ಯಕ್ಷಗಾನದಿಂದ. ಇಲ್ಲಿ ಹತ್ತಿರ ಗುಣವಂತೆ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ಊರು. ಚಿಕ್ಕಂದಿನಿಂದ ಆಟ ನೋಡಿದ್ದೇನೆ, ಆದರೆ ಸ್ಕೆಚ್ ಪುಸ್ತಕ ಹಿಡಿದು ಕೂತ ಮೇಲೆ ಬೇರೆಯೇ ಕಂಡಿತು. ಹಿಂದಿನ ಸಾಲಲ್ಲಿ ಕೂತವನಿಗೆ ಮುಖ ಸರಿಯಾಗಿ ಕಾಣುವುದಿಲ್ಲ. ಆದರೂ ರಂಗಕ್ಕೆ ಬಂದ ಕ್ಷಣದಲ್ಲೇ ಯಾರು ಅಂತ ಗೊತ್ತಾಗುತ್ತದೆ. ಬಡಗುತಿಟ್ಟಿನ ಕೇದಗೆ ಮುಂದಲೆ ಅನ್ನುವ ತಲೆಯುಡುಗೆ ಒಂದು ಆಕಾರ, ದೊಡ್ಡ ಕಿರೀಟ ಇನ್ನೊಂದು, ರಾಕ್ಷಸನದ್ದು ಮತ್ತೊಂದು. ಹೊರಗೆರೆಯಲ್ಲೇ ಪಾತ್ರ ಇದೆ. ಮಕ್ಕಳ ಪುಸ್ತಕಕ್ಕೆ ಬೇಕಾಗಿದ್ದು ಇದೇ. ನಿಮ್ಮ ಪುಸ್ತಕದ ಬಳಚು ಹೆಕ್ಕುವ ಅಜ್ಜಿ, ಉಪ್ಪು ಎಳೆಯುವವನು, ಶಾಲೆಗೆ ಹೋಗುವ ಹುಡುಗಿ, ಇವರನ್ನು ಪೂರ್ತಿ ಕಪ್ಪು ತುಂಬಿ ನೆರಳಿನ ತರಹ ಬರೆದು ನೋಡಿ. ಯಾರು ಯಾರು ಅಂತ ಗೊತ್ತಾಗಲಿಲ್ಲ ಅಂದರೆ ಪಾತ್ರ ಇನ್ನೂ ಆಗಿಲ್ಲ. ಅಜ್ಜಿ ಬಗ್ಗುವ ರೀತಿ, ಸೀರೆ ಎತ್ತಿ ಕಟ್ಟಿದ ರೀತಿ, ಬುಟ್ಟಿ ಎಲ್ಲಿ ಇಟ್ಟಿದ್ದಾಳೆ, ಇದೆಲ್ಲ ಹೋಗಿ ಕೂತು ನೋಡದೆ ಬರುವುದಿಲ್ಲ. ಫೋಟೋ ನೋಡಿ ಬರೆದ ಬೆನ್ನು ನಿಂತೇ ಇರುತ್ತದೆ.

ಮೇಳದವರನ್ನು ಕೇಳಿ ಒಪ್ಪಿಗೆ ತಗೊಂಡು ಚೌಕಿಯಲ್ಲೂ (ವೇಷ ಕಟ್ಟುವ ಜಾಗ) ಒಂದು ರಾತ್ರಿ ಕೂರಿ. ಬಣ್ಣ ಹಾಕುವವರ ಕೈ ನೋಡಬೇಕು. ಬಿಳಿ, ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆ. ಅಷ್ಟರಲ್ಲೇ ಒಂದು ಮುಖ ಇನ್ನೊಂದು ಮುಖ ಆಗುತ್ತದೆ. ಮಳೆಗಾಲದಲ್ಲಿ ಬಯಲಾಟ ಇರುವುದಿಲ್ಲ, ದೀಪಾವಳಿ ಕಳೆದ ಮೇಲೆ ನೋಡಿಕೊಳ್ಳಿ.

ಪುಟ ಜೋಡಿಸಲು ನನಗೆ ದಾರಿ ತೋರಿಸಿದ್ದು ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕವಂದಿ, ಅಂದರೆ ಕೌದಿ. ಹಳೆ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ನಾವು ಚಿತ್ರಗಾರರು ನಡುವೆ ಒಂದು ಮುಖ್ಯ ಆಕೃತಿ ಬರೆದು ಆಮೇಲೆ ಮೂಲೆಗೆ ಏನು ತುಂಬಲಿ ಅಂತ ತಲೆ ಕೆರೆದುಕೊಳ್ಳುತ್ತೇವೆ. ಅಂಚಿನಿಂದ ಶುರು ಮಾಡಿ ನೋಡಿ. ಅಳಿವೆಗೆ ಅದು ಸರಿ ಹೊಂದುತ್ತದೆ, ಅಲ್ಲಿ ಎಲ್ಲ ಜೀವವೂ ಅಂಚಿನಲ್ಲೇ ಇರುವುದು.

ಡ್ರಾಯಿಂಗ್ ಮಾಸ್ತರ್, ಅಂಕೋಲಾ

ತಂಗಿ, ಕಾಗದದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಜಲವರ್ಣದ ಕಾಗದಕ್ಕೆ ಬಣ್ಣ ಮೇಲೆ ನಿಲ್ಲಲಿ ಅಂತ ಸರೇಸಿನ ತರಹದ ಒಂದು ಅಂಟಿನ ಲೇಪ ಇರುತ್ತದೆ. ತೇವಕ್ಕೆ ಆ ಲೇಪ ಕೆಡುತ್ತದೆ, ಬೂಷ್ಟಿಗೂ ಅದೇ ಆಹಾರ. ನೀವು ಹೇಳಿದ ಕಲೆಗಳು ಅದರಿಂದಲೇ. ಲೇಪ ಹೋದ ಜಾಗ ಒತ್ತು ಕಾಗದದಂತೆ ಬಣ್ಣ ಹೀರುತ್ತದೆ. ಆ ಹಾಳೆಗಳನ್ನು ಬಿಸಾಡಬೇಡಿ, ಇಂಕು ಮತ್ತು ಒಣ ಬ್ರಷ್ಷಿಗೆ ಇಟ್ಟುಕೊಳ್ಳಿ.

ಹೊಸ ಕಾಗದ ಒಮ್ಮೆಲೇ ಜಾಸ್ತಿ ತರಿಸಬೇಡಿ. ಬಂದದ್ದನ್ನು ಗಾಳಿ ಆಡದ ಡಬ್ಬದಲ್ಲಿ, ಇಲ್ಲವೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ಬದಲಿಸುವ ಜೆಲ್ ಸಿಗುತ್ತದೆ, ತೇವ ಹಿಡಿದಾಗ ಗೊತ್ತಾಗುತ್ತದೆ, ಮತ್ತೆ ಬಿಸಿ ಮಾಡಿ ಒಣಗಿಸಿ ಬಳಸಬಹುದು. ಹೊರಗಿನ ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ಆ ಗೋಡೆ ಜುಲೈಯಲ್ಲಿ ಬೆವರುತ್ತದೆ. ಬೇಕಾದ ಒಂದು ಹಾಳೆ ಮಾತ್ರ ಹೊರಗೆ ತೆಗೆದು ಡಬ್ಬ ಮುಚ್ಚಿ. ಒಣಗಿಸಲು ಫ್ಯಾನ್ ಗಾಳಿ ಒಳ್ಳೆಯದು. ಗಡಿಬಿಡಿ ಇದ್ದರೆ ಹೇರ್ ಡ್ರೈಯರ್ ದೂರದಿಂದ ಹಿಡಿಯಿರಿ.

ಚೊಗರಿನ ಕಪ್ಪಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕಬ್ಬಿಣ ಮತ್ತು ಹುಳಿ ಸೇರಿದ ಇಂಕು ವರ್ಷಗಳು ಕಳೆದಂತೆ ಕಾಗದವನ್ನೇ ತಿನ್ನುತ್ತದೆ. ಹಳೆ ಕಾಗದಪತ್ರಗಳಲ್ಲಿ ಅಕ್ಷರದ ಜಾಗ ತೂತಾಗಿರುವುದನ್ನು ನೋಡಿರಬಹುದು. ಮುದ್ರಣಕ್ಕೆ ಸ್ಕ್ಯಾನ್ ಮಾಡಿ ಮುಗಿಯಿತು ಅಂದರೆ ಅಡ್ಡಿ ಇಲ್ಲ. ಮೂಲ ಚಿತ್ರ ಮಾರುವುದು, ಚೌಕಟ್ಟು ಹಾಕಿಸುವುದು ಇದ್ದರೆ ಅದಕ್ಕೆ ಕಾಡಿಗೆಯ ಮಸಿ, ಅಂದರೆ ಇಂಡಿಯನ್ ಇಂಕು ಬಳಸಿ. ಇಂಗಾಲ ಮಾಸುವುದಿಲ್ಲ. ಚೊಗರನ್ನಾಗಲೀ ಇಂಡಿಯನ್ ಇಂಕನ್ನಾಗಲೀ ಫೌಂಟನ್ ಪೆನ್ನಿಗೆ ತುಂಬಬೇಡಿ, ಕಟ್ಟಿಕೊಳ್ಳುತ್ತದೆ.

ಊರಿನ ಬಣ್ಣ ಎಲ್ಲವೂ ಒಂದೇ ಅಲ್ಲ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನ ಕೆಂಪು, ಬಿಸಿಲಿಗೆ ಜಗ್ಗುವುದಿಲ್ಲ. ಅರಿಶಿನ ಬೇಗ ಹೋಗುತ್ತದೆ. ಬಸಳೆ ಹಣ್ಣಿನ ನೇರಳೆ, ಮುರುಗಲು ಹಣ್ಣಿನ ಕೆಂಪು ನೋಡಲು ಮೋಹಕ, ಸುಣ್ಣ ಹುಳಿ ತಾಗಿದರೆ ಬಣ್ಣವೇ ಬದಲಾಗುತ್ತದೆ, ಮಕ್ಕಳಿಗೆ ತೋರಿಸಲು ಬಲು ಒಳ್ಳೆಯ ಆಟ, ಆದರೆ ಉಳಿಯುವುದಿಲ್ಲ. ನೀವೇ ಪರೀಕ್ಷೆ ಮಾಡಿ. ಒಂದು ಪಟ್ಟಿಯಲ್ಲಿ ಎಲ್ಲ ಬಣ್ಣ ಹಚ್ಚಿ, ಅರ್ಧ ಭಾಗಕ್ಕೆ ದಪ್ಪ ಕಪ್ಪು ಕಾಗದ ಮುಚ್ಚಿ, ಮಾರ್ಚಿನಿಂದ ಮೇ ತನಕ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಆಮೇಲೆ ತೆಗೆದು ನೋಡಿದರೆ ಯಾವುದನ್ನು ನಂಬಬೇಕು ಅಂತ ತಿಳಿಯುತ್ತದೆ.

ಇನ್ನೊಂದು. ನಮ್ಮ ಜಿಲ್ಲೆಯವರೇ ಆದ ಡಾ. ಕೃಷ್ಣಾನಂದ ಕಾಮತರನ್ನು ನೆನಪಿಸಿಕೊಳ್ಳಿ. ಹೊನ್ನಾವರದವರು, 1934ರಲ್ಲಿ ಹುಟ್ಟಿದವರು, 2002ರಲ್ಲಿ ತೀರಿಕೊಂಡರು. ವಿಜ್ಞಾನಿ, ಫೋಟೋ ತೆಗೆಯುತ್ತಿದ್ದರು, ತಮ್ಮ ಬರಹಕ್ಕೆ ತಾವೇ ರೇಖಾಚಿತ್ರ ಬರೆಯುತ್ತಿದ್ದರು. ಕಾವಿ ಕಲೆಯನ್ನು ಊರೂರು ತಿರುಗಿ ದಾಖಲಿಸಿದವರಲ್ಲಿ ಅವರು ಮುಖ್ಯರು. ಬರೀ ಕಪ್ಪು ಗೆರೆಯಲ್ಲಿ ಒಂದು ಪಾತ್ರೆ, ಒಂದು ಒಡವೆ, ಒಂದು ಗಿಡ ಗುರುತು ಸಿಗುವ ಹಾಗೆ ಬರೆಯುವುದು ಹೇಗೆ ಅಂತ ಅವರ ರೇಖೆಗಳಿಂದ ಕಲಿಯಬಹುದು.

ಸೊಪ್ಪಿನಬೆಟ್ಟ, ಶಿರಸಿ

ಮಾಸ್ತರ್ರೆ, ಚೊಗರಿನ ಬಗ್ಗೆ ಹೇಳಿದ್ದು ಒಪ್ಪುತ್ತೇನೆ. ನಾನು ಅದನ್ನು ಸ್ಕ್ಯಾನಿಗೆ ಮಾತ್ರ ಬಳಸುವುದು.

ಅಕ್ಕ ಕೇಳಿದ ಎರಡನೇ ಪ್ರಶ್ನೆಗೆ ಉತ್ತರ ಬಾಕಿ ಇದೆ. ಪ್ಲೇಟಿಗೆ ಬಣ್ಣ ಗೊತ್ತಿಲ್ಲ ಅನ್ನುವುದು ನಿಜ. ಆದರೆ ಕಾಳು ಗೊತ್ತಾಗುತ್ತದೆ. ಕೆಮ್ಮಣ್ಣನ್ನು ಎಷ್ಟು ಸೋಸಿದರೂ ನೀರು ಒಣಗುವಾಗ ಅದು ಕಾಗದದ ಗುಳಿಯಲ್ಲಿ ಸಣ್ಣ ಸಣ್ಣ ಕಾಳಾಗಿ ಕೂರುತ್ತದೆ. ಅಂಗಡಿಯ ಕಪ್ಪು ಇಂಕಿನಲ್ಲಿ ಅದು ಬರುವುದಿಲ್ಲ. ಕೆರೆದ ಗೆರೆಯ ಅಂಚು ಸ್ವಲ್ಪ ಮುರಿದಿರುತ್ತದೆ, ಅದೂ ಪ್ಲೇಟಿಗೆ ಇಳಿಯುತ್ತದೆ. ಕೆಸರಿನ ಪುಟ ಮುಟ್ಟಿದರೆ ಕೈಗೆ ಕೆಸರು ತಾಗಬಹುದು ಅಂತ ಮಗುವಿಗೆ ಅನಿಸಬೇಕು ಅಂದರೆ ಆ ಕಾಳು ಬೇಕು. ಬಣ್ಣ ಪ್ರೆಸ್ಸಿನವರು ಕೊಡಲಿ, ಮೈ ಮಣ್ಣು ಕೊಡಲಿ.

ಹಾಗಾಗಿ ಎರಡನ್ನೂ ಸೇರಿಸಿ. ಕಪ್ಪು ಪದರ ಜಿ ನಿಬ್ಬಿನಲ್ಲಿ, ಕೆಂಪು ಪದರ ನಿಜವಾದ ಕೆಮ್ಮಣ್ಣಿನಲ್ಲಿ ಬೇರೆ ಹಾಳೆಯ ಮೇಲೆ. ಸ್ಕ್ಯಾನ್ ಮಾಡಿ ಅದನ್ನು ಗ್ರೇಸ್ಕೇಲ್‌ಗೆ ತಿರುಗಿಸಿದರೆ ಆಯಿತು.

ಬೈತಖೋಲ್ ಪೆನ್ಸಿಲ್, ಕಾರವಾರ

ಇದು ಸರಿ, ನಾನು ಇಷ್ಟು ಯೋಚಿಸಿರಲಿಲ್ಲ. ಸೇರಿಸುವುದು ಸ್ವಲ್ಪ ಇದೆ. ಪ್ರೆಸ್ಸಿನಲ್ಲಿ ಎರಡು ಪ್ಲೇಟ್ ಕೂದಲಷ್ಟಾದರೂ ಜರುಗುತ್ತವೆ. ಕಪ್ಪು ಗೆರೆಯ ಒಳಗೆ ಸರಿಯಾಗಿ ಕೂರುವ ಹಾಗೆ ಕೆಂಪು ತುಂಬಿದರೆ ಒಂದು ಕಡೆ ಬಿಳಿ ಸಂದು ಕಾಣುತ್ತದೆ. ಕೆಂಪನ್ನು ಗೆರೆಯ ಕೆಳಗೆ ಸ್ವಲ್ಪ ಜಾಸ್ತಿಯೇ ಹೋಗಲು ಬಿಡಿ, ಇಲ್ಲವೇ ಬೇಕು ಅಂತಲೇ ಗೆರೆ ದಾಟಿಸಿ ಸಡಿಲವಾಗಿ ಬಳಿಯಿರಿ, ಆಗ ಜರುಗಿದರೂ ಯಾರಿಗೂ ತೊಂದರೆ ಇಲ್ಲ. ಕೆರೆದ ಬಿಳಿ ಗೆರೆ ತೀರಾ ಸಣ್ಣ ಇದ್ದರೆ ಇಂಕು ತುಂಬಿ ಮುಚ್ಚಿಹೋಗುತ್ತದೆ, ಅರ್ಧ ಮಿಲಿಮೀಟರ್ ಇರಲಿ. ಕೋಟಿಂಗ್ ಇಲ್ಲದ ಕಾಗದದಲ್ಲಿ ಇಂಕು ಇನ್ನೂ ಹರಡುತ್ತದೆ, ಹಾಗಾಗಿ ತೆಳು ಬಣ್ಣವನ್ನು ಸ್ಕ್ರೀನಿನಲ್ಲಿ ಕಾಣುವುದಕ್ಕಿಂತ ತೆಳುವಾಗಿಯೇ ಇಡಿ.

ಕೆಮ್ಮಣ್ಣು ಬಳಿದ ಒಂದು ಕಾಗದದ ತುಂಡನ್ನೇ ಪ್ರೆಸ್ಸಿಗೆ ತಗೊಂಡು ಹೋಗಿ, ಇದಕ್ಕೆ ಹತ್ತಿರದ ಇಂಕು ಕಲಸಿ ಕೊಡಿ ಅಂತ ಕೇಳಿ. ಪುಸ್ತಕಕ್ಕೆ ಬಳಸುವ ಕಾಗದದ ಮೇಲೆಯೇ ಒಂದು ಪ್ರೂಫ್ ತೆಗೆಸಿ. ಮೊದಲ ಎರಡು ಪುಟ ಆದಾಗ ಇಲ್ಲಿ ಹಾಕಿ, ಬೇರಿನ ಪುಟವನ್ನು ನೋಡಬೇಕು ನನಗೆ.